ಕೆರೆಯ ಕಾಣದ ಒಕ್ಕಲು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ವಿಶೇಷ ಉಪನ್ಯಾಸದ ಪಠ್ಯ)



ನೂರು ವರ್ಷ ತುಂಬಿದ ಕನ್ನಡ ಶಾಲೆಯ ಅಂಗಳದಲ್ಲಿ ನಿಂತವರು ಸಾಮಾನ್ಯವಾಗಿ ಭಾಷೆ, ಸಂಸ್ಕೃತಿ, ಗಡಿನಾಡಿನ ಬವಣೆ ಇವುಗಳನ್ನೇ ಮಾತಿಗೆ ಆರಿಸಿಕೊಳ್ಳುತ್ತಾರೆ. ಕೆರೆಯ ನೀರಿನಲ್ಲಿರುವ ಹುಳುಗಳ ವಿಷಯ ಮಾತನಾಡುತ್ತೇನೆಂದು ನಾನು ತಿಳಿಸಿದಾಗ ಉತ್ಸವ ಸಮಿತಿಯ ಹಿರಿಯರು ಒಂದು ಕ್ಷಣ ಸುಮ್ಮನಾದರು. ಅನಂತರ ಉದಾರವಾಗಿ ಒಪ್ಪಿಕೊಂಡರು. ಅವರಿಗೆ ನಾನು ಋಣಿ. ಭಾಷೆಯ ಮಾತನ್ನು ನಾನು ಬಿಟ್ಟುಕೊಟ್ಟಿಲ್ಲ. ಹುಳುವಿನ ಕತೆ ಹೇಳುತ್ತ ಹೋದರೆ ಅದು ತಾನಾಗಿಯೇ ಬರುತ್ತದೆ.

ಸೊಲ್ಲಾಪುರ ಸೀಮೆಯ ಕನ್ನಡಿಗರಿಗೆ ಕೆರೆಯ ಮಾತು ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶಿವಯೋಗಿ ಸಿದ್ಧರಾಮರ ಹೆಸರಿನಿಂದಲೇ ನಮ್ಮ ಸೀಮೆ ಗುರುತಾಗಿದೆ. ಮಳೆ ಕಡಿಮೆ, ಬರ ಹೆಚ್ಚು ಎಂಬ ಈ ನೆಲದಲ್ಲಿ ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು ಪುಣ್ಯದ ಕೆಲಸವೆಂದು ಹಿರಿಯರು ತಿಳಿದಿದ್ದರು. ಇಂದು ಅಕ್ಕಲಕೋಟೆಯ ಬಳಿ ಬೋರಿ ನದಿಗೆ ಕುರನೂರ ಜಲಾಶಯವಿದೆ. ಊರೂರಿಗೆ ಪಾಝರ್ ತಲಾವುಗಳಿವೆ. ಹೊಲಹೊಲಕ್ಕೆ ಶೇತ್ತಳೆಗಳು ಬಂದಿವೆ. ನೀರು ನಿಂತಲ್ಲೆಲ್ಲ ಜೀವ ಸೇರುತ್ತದೆ. ಜೀವ ಸೇರಿದಲ್ಲೆಲ್ಲ ಅದರ ಬೆನ್ನಿಗೆ ರೋಗವೂ ಬರುತ್ತದೆ. ಈ ಎರಡನೆಯ ಮಾತನ್ನು ನಾವು ಸಾಕಷ್ಟು ಯೋಚಿಸಿಲ್ಲ.

ಕೆರೆಯನ್ನು ನೋಡಿದಾಗ ನಮಗೆ ಕಾಣುವುದು ಏರಿ, ಕೋಡಿ, ನೀರು, ನೀರಿನ ಮೇಲಿನ ಹಕ್ಕಿ. ಆದರೆ ಕೆರೆಯೂ ಒಂದು ಊರಿನ ಹಾಗೆ. ಪಾಚಿ, ಪಾಚಿಯನ್ನು ಮೇಯುವ ನೀರುಚಿಗಟ, ಅದನ್ನು ತಿನ್ನುವ ಮೀನು, ಕೆಸರಿನ ಬಸವನಹುಳು, ದಂಡೆಯ ಕಪ್ಪೆ, ಕಪ್ಪೆಯನ್ನು ಹಿಡಿಯುವ ಕೊಕ್ಕರೆ, ಇವೆಲ್ಲ ಅಲ್ಲಿಯ ಒಕ್ಕಲು. ಈ ಒಂದೊಂದು ಒಕ್ಕಲಿನ ಮೈಯೊಳಗೆ ಇನ್ನೊಂದು ಒಕ್ಕಲಿದೆ. ಬೇರೊಂದು ಜೀವಿಯ ಮೈಯಲ್ಲಿ ನೆಲೆಸಿ, ಅದರಿಂದಲೇ ಆಹಾರ ಪಡೆದು, ಅದಕ್ಕೆ ಕೇಡು ಮಾಡುತ್ತ ಬದುಕುವ ಇಂಥ ಜೀವಿಯನ್ನು ಪರೋಪಜೀವಿ ಎನ್ನುತ್ತೇವೆ. ಅದಕ್ಕೆ ನೆಲೆ ಕೊಟ್ಟ ಜೀವಿ ಆತಿಥೇಯ. ಈ ಎರಡು ಪದಗಳಷ್ಟು ನೆನಪಿದ್ದರೆ ಸಾಕು, ಉಳಿದದ್ದು ನಮಗೆಲ್ಲ ಗೊತ್ತಿರುವ ಮಾತುಗಳಲ್ಲೇ ನಡೆಯುತ್ತದೆ.

ಮೊದಲು ಒಂದು ರೋಗದ ಕತೆ. ಇಲ್ಲಿ ಕುಳಿತಿರುವ ಎಪ್ಪತ್ತು ದಾಟಿದವರಿಗೆ ಅದರ ಹೆಸರು ಹೇಳಿದರೆ ಸಾಕು: ನಾರುಹುಣ್ಣು. ಮರಾಠಿಯಲ್ಲಿ ಅದು ನಾರೂ. ತೆಲುಗಿನಲ್ಲಿ ನಾರಿಕುರುಪು. ಹಿಂದಿಯಲ್ಲಿ ನಹರುವಾ. ಮಕ್ಕಳಿಗೆ ಈ ಹೆಸರು ಗೊತ್ತಿಲ್ಲ. ಅವರಿಗೆ ಗೊತ್ತಿಲ್ಲದಿರುವುದೇ ನಾನು ಇಂದು ಹೇಳಬೇಕೆಂದಿರುವ ದೊಡ್ಡ ಸಂತೋಷದ ಸುದ್ದಿ.

ಶ್ಯಾವಿಗೆಯ ಎಳೆಯಷ್ಟು ದಪ್ಪ, ಎರಡು ಮೂರು ಅಡಿ ಉದ್ದದ ಹೆಣ್ಣು ಹುಳು ಮನುಷ್ಯನ ಚರ್ಮದ ಕೆಳಗೆ, ಹೆಚ್ಚಾಗಿ ಕಾಲಿನಲ್ಲಿ, ಬಂದು ಸೇರುತ್ತದೆ. ಅಲ್ಲಿ ಒಂದು ಬೊಕ್ಕೆ ಏಳುತ್ತದೆ. ಬೆಂಕಿಯಿಟ್ಟಂತೆ ಉರಿಯುತ್ತದೆ. ಉರಿ ತಾಳಲಾರದೆ ಮನುಷ್ಯ ಕಾಲನ್ನು ತಣ್ಣೀರಿನಲ್ಲಿ ಇಳಿಬಿಡುತ್ತಾನೆ. ಹುಳುವಿಗೆ ಬೇಕಾದದ್ದೂ ಅದೇ. ನೀರು ತಾಗಿದೊಡನೆ ಅದು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಆ ನೀರು ಮೆಟ್ಟಿಲುಬಾವಿಯದ್ದಾಗಿದ್ದರೆ, ಅಥವಾ ಕುಡಿಯಲು ಒಯ್ಯುವ ಹೊಂಡದ್ದಾಗಿದ್ದರೆ, ಅಲ್ಲಿ ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಚುಕ್ಕೆಯಂತೆ ಕಾಣುವ ಜಲಜೀವಿ ಇರುತ್ತದೆ. ಅದು ಈ ಮರಿಗಳನ್ನು ನುಂಗುತ್ತದೆ. ಅದರ ಹೊಟ್ಟೆಯಲ್ಲಿ ಸುಮಾರು ಎರಡು ವಾರ ಬೆಳೆದ ಮರಿ ಮುಂದಿನ ಮನುಷ್ಯನಿಗೆ ಸಿದ್ಧವಾಗುತ್ತದೆ. ಕೊಡದಲ್ಲಿ ಬಂದ ನೀರಿನೊಡನೆ ಸೈಕ್ಲಾಪ್ಸನ್ನು ಕುಡಿದವನ ಜಠರದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿ ಹೊರಬರುತ್ತದೆ, ಕರುಳನ್ನು ತೂರಿ ಮೈಯೊಳಗೆ ಸೇರುತ್ತದೆ. ಸುಮಾರು ಒಂದು ವರ್ಷದ ಮೇಲೆ ಆತನ ಕಾಲಿನಲ್ಲಿ ಬೊಕ್ಕೆ ಏಳುತ್ತದೆ.

ಇದಕ್ಕೆ ಔಷಧವಿರಲಿಲ್ಲ, ಇಂದಿಗೂ ಇಲ್ಲ. ಲಸಿಕೆಯೂ ಇಲ್ಲ. ಹೊರಬಂದ ಹುಳುವನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯುವುದೊಂದೇ ದಾರಿ. ಅವಸರಪಟ್ಟರೆ ಹುಳು ಒಳಗೇ ತುಂಡಾಗಿ ಕೀವು ತುಂಬುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ರೈತ ಹೊಲಕ್ಕೆ ಹೋಗಲಾರ, ತಾಯಿ ಒಲೆಯ ಮುಂದೆ ಕೂರಲಾರಳು, ಮಗು ಶಾಲೆಗೆ ನಡೆಯಲಾರದು.

ಈ ರೋಗದ ಗುಟ್ಟು ಬಯಲಾದದ್ದು ಹಂತಹಂತವಾಗಿ. 1870ರ ಸುಮಾರಿಗೆ ರಷ್ಯದ ಅಲೆಕ್ಸಿ ಫೆದ್ಚೆಂಕೊ ತುರ್ಕಿಸ್ತಾನದಲ್ಲಿ ಕೆಲಸ ಮಾಡುತ್ತ, ಹುಳುವಿನ ಮರಿಗಳು ಸೈಕ್ಲಾಪ್ಸ್‌ನ ಮೈಯಲ್ಲಿ ಬೆಳೆಯುವುದನ್ನು ಕಂಡರು. 1913ರ ಹೊತ್ತಿಗೆ ಮುಂಬಯಿಯಲ್ಲಿ ಡಿ.ಎ. ತುರ್ಖುಡ್ ಅವರು ಸೋಂಕಿತ ಸೈಕ್ಲಾಪ್ಸನ್ನು ನುಂಗಿದ ಮನುಷ್ಯನಿಗೆ ರೋಗ ಬರುವುದನ್ನು ಪ್ರಯೋಗದಿಂದ ತೋರಿಸಿದರು. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ವಿ.ಎನ್. ಮೂರ್ತಿ ಅವರು ಹಳ್ಳಿಯ ಮೆಟ್ಟಿಲುಬಾವಿಗಳನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಸೈಕ್ಲಾಪ್ಸನ್ನು ತಿನ್ನುವ ಸಣ್ಣ ಮೀನುಗಳನ್ನು ಬಾವಿಗೆ ಬಿಟ್ಟು ನಾರುಹುಣ್ಣನ್ನು ತಡೆಯುವ ವಿಧಾನದ ಬಗ್ಗೆ ಅವರೂ ಡಬ್ಲ್ಯು.ಸಿ. ಸ್ವೀಟ್ ಅವರೂ 1936ರಲ್ಲಿ ಲೇಖನ ಪ್ರಕಟಿಸಿದರು. ರೋಗಿಯ ಕಾಲನ್ನು ನೋಡುತ್ತಿದ್ದ ವೈದ್ಯಶಾಸ್ತ್ರ ಇಲ್ಲಿ ಬಾವಿಯ ಒಕ್ಕಲುತನವನ್ನು ನೋಡಲು ಆರಂಭಿಸಿತು. ಹುಳುವಿಗೂ ಮನುಷ್ಯನಿಗೂ ನಡುವೆ ಸೈಕ್ಲಾಪ್ಸ್, ಸೈಕ್ಲಾಪ್ಸಿಗೂ ನಮಗೂ ನಡುವೆ ಮೀನು. ಔಷಧ ಮುಟ್ಟಲಾರದ ರೋಗವನ್ನು ಮೀನು ಮುಟ್ಟಬಲ್ಲುದು ಎಂಬ ಆಲೋಚನೆ ನಮ್ಮ ನಾಡಿನಲ್ಲೇ, ಅಷ್ಟು ಹಿಂದೆಯೇ ಮೂಡಿತ್ತು.

ಸ್ವತಂತ್ರ ಭಾರತ 1983-84ರಲ್ಲಿ ನಾರುಹುಣ್ಣಿನ ನಿರ್ಮೂಲನ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಿತು. ಆಗ ರೋಗವಿದ್ದದ್ದು ಏಳು ರಾಜ್ಯಗಳಲ್ಲಿ. ಮಹಾರಾಷ್ಟ್ರ, ಕರ್ನಾಟಕ, ಆಂಧ್ರಪ್ರದೇಶ ಮೂರೂ ಆ ಪಟ್ಟಿಯಲ್ಲಿದ್ದವು; ಹುಳುವಿಗೆ ರಾಜ್ಯಗಳ ಗಡಿ ತಿಳಿಯದು. 1984ರಲ್ಲಿ ಸುಮಾರು 40,000 ರೋಗಿಗಳು ಲೆಕ್ಕಕ್ಕೆ ಸಿಕ್ಕರು. ಮಾಡಿದ ಕೆಲಸ ಕೇಳಿದರೆ ಬಹಳ ಸರಳ. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳನ್ನು ಹಗ್ಗದಿಂದ ಸೇದುವ ಬಾವಿಗಳಾಗಿ ಮಾರ್ಪಡಿಸಿದರು. ಕೈಪಂಪು ಹಾಕಿಸಿದರು. ನೀರಿಗೆ ಟೆಮೆಫಾಸ್ ಎಂಬ ಔಷಧಿಯನ್ನು ಹಿತಮಿತವಾಗಿ ಬೆರೆಸಿ ಸೈಕ್ಲಾಪ್ಸನ್ನು ಕೊಂದರು. ಎಲ್ಲಕ್ಕಿಂತ ಮುಖ್ಯವಾಗಿ ಮನೆಮನೆಗೆ ಹೋಗಿ, ನೀರನ್ನು ಒತ್ತಾದ ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಣ್ಣಿರುವವರು ನೀರಿಗೆ ಇಳಿಯಬೇಡಿರಿ ಎಂದು ತಿಳಿಹೇಳಿದರು. ಸೈಕ್ಲಾಪ್ಸ್ ಬಟ್ಟೆಯಲ್ಲಿ ನಿಲ್ಲುವಷ್ಟು ದೊಡ್ಡದು. ಅದು ನಿಂತಿತು, ರೋಗವೂ ನಿಂತಿತು. ದೇಶದ ಕೊನೆಯ ರೋಗಿ 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದ. 2000ದ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಪ್ರಮಾಣೀಕರಿಸಿತು.

ಆ ಕಾರ್ಯಕರ್ತ ಬಾಗಿಲಿಗೆ ಬಂದು ಆಡಿದ ಮಾತು ಯಾವ ಭಾಷೆಯದ್ದಾಗಿರಬೇಕಾಗಿತ್ತು ಎಂಬುದನ್ನು ಒಂದು ಕ್ಷಣ ಯೋಚಿಸಿರಿ. ಕೊಡ ಹೊತ್ತು ನೀರು ತರುವ ತಾಯಿಗೆ, ನೀರು ತಿಳಿಯಾಗಿದೆ, ಆದರೂ ಅದರಲ್ಲಿ ಹುಳುವಿದೆ ಎಂದು ನಂಬಿಸಬೇಕಾಗಿತ್ತು. ಈ ವರ್ಷ ಕುಡಿದ ನೀರು ಬರುವ ವರ್ಷ ಹುಣ್ಣಾಗುತ್ತದೆ ಎಂಬುದನ್ನು ಒಪ್ಪಿಸಬೇಕಾಗಿತ್ತು. ಇದು ಭಿತ್ತಿಪತ್ರದಿಂದ ಆಗುವ ಕೆಲಸವಲ್ಲ. ಆಕೆ ತಿರುಗಿ ಪ್ರಶ್ನೆ ಕೇಳಬಲ್ಲ ಭಾಷೆಯಲ್ಲಿ ಮಾತು ನಡೆದಾಗ ಮಾತ್ರ ಆಗುವಂಥದು. ಔಷಧವಿಲ್ಲದ ರೋಗಕ್ಕೆ ತಿಳಿವಳಿಕೆಯೇ ಔಷಧವಾಗಿತ್ತು. ಆ ತಿಳಿವಳಿಕೆ ಮನೆಯ ಮಾತಿನಲ್ಲಿ ಹೊಸ್ತಿಲು ದಾಟಬೇಕಾಗಿತ್ತು.

ನಾರುಹುಣ್ಣಿನ ಕತೆಯಲ್ಲಿ ಪಾತ್ರಗಳು ಕಡಿಮೆ. ದೊಡ್ಡ ಕೆರೆಯಲ್ಲಿ ಪಾತ್ರಗಳು ಹೆಚ್ಚು. ಆದ್ದರಿಂದ ಲೆಕ್ಕವೂ ಜಟಿಲ. ಈ ಲೆಕ್ಕವನ್ನು ಬಹಳ ಎಚ್ಚರಿಕೆಯಿಂದ ಮಾಡಿದ ಕೆಲವರ ಕೆಲಸವನ್ನು ಈಗ ಹೇಳುತ್ತೇನೆ. ಅದಕ್ಕಾಗಿ ನಾವು ಸ್ವಲ್ಪ ದೂರ, ಅಮೆರಿಕದ ಕೆರೆಗಳವರೆಗೆ, ಹೋಗಿ ಬರಬೇಕಾಗುತ್ತದೆ.

ನೀರುಚಿಗಟ ಎಂದೆನಲ್ಲ, ಅದರ ಶಾಸ್ತ್ರೀಯ ಹೆಸರು ಡ್ಯಾಫ್ನಿಯಾ. ಎಳ್ಳುಕಾಳಿಗಿಂತ ದೊಡ್ಡದಲ್ಲ. ಮೈ ಪಾರದರ್ಶಕ, ಸೂಕ್ಷ್ಮದರ್ಶಕದಲ್ಲಿ ಅದರ ಹೃದಯ ಬಡಿಯುವುದು ಕಾಣುತ್ತದೆ. ಇದಕ್ಕೆ ಒಂದು ಬಗೆಯ ಶಿಲೀಂಧ್ರ ತಗಲುತ್ತದೆ. ಅದರ ಬೀಜಾಣುಗಳು ಸೂಜಿಯ ಆಕಾರದವು. ಪಾಚಿಯೊಡನೆ ಹೊಟ್ಟೆ ಸೇರಿ, ಕರುಳಿನ ಗೋಡೆಯನ್ನು ಚುಚ್ಚಿ ಒಳನುಗ್ಗಿ, ಕೊನೆಗೆ ನೀರುಚಿಗಟವನ್ನು ಕೊಲ್ಲುತ್ತವೆ. 1884ರಲ್ಲಿ ಇಲ್ಯಾ ಮೆಚ್ನಿಕೋಫ್ ಎಂಬ ವಿಜ್ಞಾನಿ ಇದನ್ನು ನೋಡುತ್ತಿದ್ದಾಗ, ನೀರುಚಿಗಟದ ರಕ್ತಕಣಗಳು ಆ ಸೂಜಿಗಳನ್ನು ಸುತ್ತುವರಿದು ನುಂಗಲು ಹೆಣಗುವುದನ್ನು ಕಂಡರು. ನಮ್ಮ ರಕ್ತದ ಬಿಳಿಯ ಕಣಗಳು ರೋಗಾಣುಗಳೊಡನೆ ಹೋರಾಡುತ್ತವೆಂದು ಇಂದು ಪಠ್ಯಪುಸ್ತಕದಲ್ಲಿ ಓದುತ್ತೇವಲ್ಲ, ಆ ಸಿದ್ಧಾಂತಕ್ಕೆ ಈ ಸಣ್ಣ ಜೀವಿಯ ಕಾಯಿಲೆ ಒಂದು ಮುಖ್ಯ ಆಧಾರವಾಯಿತು. ಮೆಚ್ನಿಕೋಫ್‌ಗೆ 1908ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಅಮೆರಿಕದ ಮಿಷಿಗನ್ ಮತ್ತು ಇಂಡಿಯಾನಾ ರಾಜ್ಯಗಳ ಕೆರೆಗಳಲ್ಲಿ ಮೇಘನ್ ಡಫಿ, ಸ್ಪೆನ್ಸರ್ ಹಾಲ್ ಮತ್ತು ಅವರ ಜೊತೆಗಾರರು ಇದೇ ರೋಗವನ್ನು ವರ್ಷಗಟ್ಟಲೆ ಗಮನಿಸಿದರು. ಕೆಲವು ಕೆರೆಗಳಲ್ಲಿ ರೋಗ ಜೋರಾಗಿ ಹರಡುತ್ತದೆ, ಪಕ್ಕದ ಕೆರೆಯಲ್ಲಿ ಹರಡುವುದಿಲ್ಲ. ಕಾರಣ ಹುಡುಕಿದಾಗ ಕಂಡದ್ದು ಎರಡು ಬಗೆಯ ಬೇಟೆಗಾರರು. ಮೊದಲನೆಯದು ಮೀನು. ರೋಗ ಬಂದ ನೀರುಚಿಗಟದ ಮೈ ಬೀಜಾಣುಗಳಿಂದ ತುಂಬಿ ಬೆಳ್ಳಗಾಗುತ್ತದೆ. ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಅದು ಬೇಗ ಕಾಣುತ್ತದೆ. ಮೀನು ರೋಗಿಗಳನ್ನೇ ಆರಿಸಿ ನುಂಗುವುದರಿಂದ ರೋಗ ಹಬ್ಬುವುದು ತಗ್ಗುತ್ತದೆ. ಎರಡನೆಯ ಬೇಟೆಗಾರ ಸೊಳ್ಳೆಯನ್ನು ಹೋಲುವ, ಆದರೆ ಕಚ್ಚದ, ಒಂದು ಕೀಟದ ಗಾಜಿನಂಥ ಮರಿಹುಳು. ಅದು ತಿನ್ನುವ ರೀತಿ ಅಚ್ಚುಕಟ್ಟಿನದಲ್ಲ. ನೀರುಚಿಗಟವನ್ನು ಹಿಡಿದು, ಬೇಕಾದ್ದನ್ನು ಹೀರಿ, ಉಳಿದದ್ದನ್ನು ಉಗುಳುತ್ತದೆ. ಉಗುಳಿನೊಡನೆ ಬೀಜಾಣುಗಳು ನೀರಿನಲ್ಲೆಲ್ಲ ಚದರುತ್ತವೆ. ಈ ಮರಿಹುಳು ಹೆಚ್ಚಾದ ಕೆರೆಗಳಲ್ಲಿ ರೋಗವೂ ಹೆಚ್ಚು.

ಇಬ್ಬರೂ ತಿನ್ನುವುದು ಅದೇ ನೀರುಚಿಗಟವನ್ನು. ಒಬ್ಬನಿಂದ ರೋಗ ಇಳಿಯುತ್ತದೆ, ಇನ್ನೊಬ್ಬನಿಂದ ಏರುತ್ತದೆ. ಆದ್ದರಿಂದ ಕೆರೆಯಲ್ಲಿ ಜೀವಿಗಳು ಹೆಚ್ಚಿದ್ದರೆ ಸಾಕು, ರೋಗ ಬರುವುದಿಲ್ಲ ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ಯಾವ ಜೀವಿ ಏನು ತಿನ್ನುತ್ತದೆ, ಹೇಗೆ ತಿನ್ನುತ್ತದೆ ಎಂಬುದನ್ನು ನೋಡಿಯೇ ಹೇಳಬೇಕು.

ಹಾಗೆ ನೋಡಿದ ಮಕ್ಕಳ ಕತೆಯೊಂದನ್ನು ಹೇಳಲೇಬೇಕು. 1995ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಹೆಂಡರ್ಸನ್ ಎಂಬ ಸಣ್ಣ ಊರಿನ ಬಳಿ ಒಂದು ಶಾಲೆಯ ವಿದ್ಯಾರ್ಥಿಗಳು ಕ್ಷೇತ್ರ ಅಧ್ಯಯನಕ್ಕೆ ಹೋದರು. ಹೊಂಡದ ಬಳಿ ಹಿಡಿದ ಕಪ್ಪೆಗಳಲ್ಲಿ ಬಹಳಷ್ಟು ವಿಕಾರವಾಗಿದ್ದವು. ಕೆಲವಕ್ಕೆ ಹಿಂಗಾಲೇ ಇಲ್ಲ, ಕೆಲವಕ್ಕೆ ಹೆಚ್ಚಿನ ಕಾಲು. ಮಕ್ಕಳೂ ಅವರ ಶಿಕ್ಷಕಿಯೂ ಅದನ್ನು ಎಣಿಸಿ, ಬರೆದು, ಸರಕಾರಕ್ಕೆ ತಿಳಿಸಿದರು. ಸುದ್ದಿ ದೇಶವೆಲ್ಲ ಹಬ್ಬಿತು. ಬೇರೆ ಬೇರೆ ರಾಜ್ಯಗಳಿಂದ ಅಂಥವೇ ವರದಿಗಳು ಬಂದವು. ಕೀಟನಾಶಕವೋ, ಬಿಸಿಲಿನ ಅತಿನೇರಳೆ ಕಿರಣವೋ, ಬೇರೇನೋ ಎಂದು ವಾದಗಳು ನಡೆದವು. ಎಲ್ಲ ಕಡೆಗೂ ಒಂದೇ ಕಾರಣವೆಂದು ಹೇಳಲಾಗದು. ಆದರೆ ಒಂದು ಪ್ರಬಲ ಕಾರಣ 1999ರಲ್ಲಿ ಸ್ಪಷ್ಟವಾಯಿತು. ಪೀಟರ್ ಜಾನ್ಸನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯದ ಕೊಳಗಳ ಗೊದಮೊಟ್ಟೆಗಳನ್ನು ಪ್ರಯೋಗಶಾಲೆಯಲ್ಲಿ ರೈಬೆರೋಯಿಯ ಎಂಬ ಚಪ್ಪಟೆ ಹುಳುವಿನ ಮರಿಗಳಿಗೆ ಒಡ್ಡಿದಾಗ ಅಂಥದೇ ವಿಕಾರಗಳು ಮೂಡಿದವು.

ಈ ಹುಳುವಿನ ಬಾಳಿಗೆ ಮೂರು ಮನೆಗಳು ಬೇಕು. ಮೊದಲ ಮನೆ ನೀರಿನ ಬಸವನಹುಳು. ಅಲ್ಲಿ ಬೆಳೆದ ಮರಿಗಳು ರಾತ್ರಿ ಹೊರಬಂದು ಈಜುತ್ತ ಗೊದಮೊಟ್ಟೆಯನ್ನು ಹುಡುಕಿ, ಕಾಲು ಮೊಳೆಯುವ ಜಾಗದಲ್ಲಿ ಹೊಕ್ಕುತ್ತವೆ. ಅಲ್ಲಿಯ ಅಂಗಾಂಶ ಕೆಟ್ಟು ಕಾಲು ಅಡ್ಡಾದಿಡ್ಡಿ ಬೆಳೆಯುತ್ತದೆ. ಜಿಗಿಯಲಾರದ ಕಪ್ಪೆ ಹಕ್ಕಿಯ ಬಾಯಿಗೆ ಸುಲಭದ ತುತ್ತು. ಹಕ್ಕಿಯ ಹೊಟ್ಟೆಯೇ ಮೂರನೆಯ ಮನೆ. ಹಿಕ್ಕೆಯೊಡನೆ ತತ್ತಿಗಳು ಮತ್ತೆ ನೀರಿಗೆ ಬೀಳುತ್ತವೆ.

ಮುಂದೆ ಇದೇ ತಂಡದವರು ಎರಡು ವಿಷಯ ಕಂಡುಕೊಂಡರು. ಎರಡೂ ನಮಗೆ ಸಂಬಂಧಿಸಿದವು. ಒಂದು, 2007ರ ಅಧ್ಯಯನ. ಗೊಬ್ಬರದ ಅಂಶ ನೀರಿಗೆ ಹೆಚ್ಚಾಗಿ ಸೇರಿದರೆ ಪಾಚಿ ಹೆಚ್ಚುತ್ತದೆ. ಪಾಚಿ ಮೇಯುವ ಬಸವನಹುಳುಗಳ ಸಂಖ್ಯೆ ಏರುತ್ತದೆ. ಒಂದೊಂದು ಬಸವನಹುಳು ಬಿಡುವ ಮರಿಗಳ ಸಂಖ್ಯೆಯೂ ಏರುತ್ತದೆ. ಹೊಲಕ್ಕೆ ಸುರಿದ ಗೊಬ್ಬರ ಕಪ್ಪೆಯ ಕಾಲನ್ನು ಮುರಿಯುವುದು ಈ ದಾರಿಯಿಂದ. ಎರಡು, 2013ರ ಅಧ್ಯಯನ. ಕ್ಯಾಲಿಫೋರ್ನಿಯದ ಮುನ್ನೂರಕ್ಕೂ ಹೆಚ್ಚು ಕೊಳಗಳನ್ನು ನೋಡಿ, ಪ್ರಯೋಗಗಳನ್ನೂ ಮಾಡಿ, ಕಪ್ಪೆ ಮುಂತಾದ ಉಭಯಜೀವಿಗಳ ಜಾತಿಗಳು ಹೆಚ್ಚಿರುವಲ್ಲಿ ಈ ಹುಳುವಿನ ಹರಡುವಿಕೆ ಶೇಕಡಾ 78ರಷ್ಟು ತಗ್ಗುವುದನ್ನು ತೋರಿಸಿದರು. ಕಾರಣ ಹೀಗಿದೆ: ಕೊಳ ಕೆಟ್ಟು ಒಂದೇ ಒಂದು ಜಾತಿ ಉಳಿಯುವುದಾದರೆ, ಹಾಗೆ ಉಳಿಯುವುದು ರೋಗಕ್ಕೆ ಸುಲಭವಾಗಿ ಮೈಯೊಡ್ಡುವ ಜಾತಿಯೇ. ಹುಳುವನ್ನು ಎದುರಿಸಬಲ್ಲ ಜಾತಿಗಳು ಕೊಳ ಚೆನ್ನಾಗಿದ್ದಾಗ ಮಾತ್ರ ಬಂದು ಸೇರುತ್ತವೆ. ಅವುಗಳ ಮೈಗೆ ನುಗ್ಗಿದ ಮರಿಗಳು ಅಲ್ಲಿಗೇ ಕೊನೆಗೊಳ್ಳುತ್ತವೆ.

ಇನ್ನು ನಮ್ಮ ಕೆರೆಗೆ ಮರಳೋಣ. ಕಪ್ಪೆಯ ಕಾಲಿನ ವಿಷಯ ನಮಗೇಕೆ ಎಂದು ಯಾರಾದರೂ ಕೇಳಬಹುದು. ದನಕರು ಕಟ್ಟಿರುವ ಪಾಲಕರು ಇಲ್ಲಿ ಬಹಳ ಮಂದಿ ಇದ್ದೀರಿ. ಎತ್ತು, ಆಕಳು ಮೂಗಿನಿಂದ ಗೊರಕೆಯಂಥ ಸದ್ದು ಮಾಡುತ್ತ, ಮೂಗು ಸೋರಿಸಿಕೊಳ್ಳುತ್ತ, ಕೆಲಸಕ್ಕೆ ಬಾರದಾಗುವ ಗೊರಕೆ ರೋಗದ ಹೆಸರನ್ನು ಕೇಳಿದ್ದೀರಿ. ಅದಕ್ಕೆ ಕಾರಣವಾದ ಹುಳುವನ್ನು 1933ರಲ್ಲಿ ಮದ್ರಾಸಿನ ಪಶುವೈದ್ಯ ವಿಜ್ಞಾನಿ ಎಂ. ಅನಂತನಾರಾಯಣ ರಾವ್ ಅವರು ವರ್ಣಿಸಿದರು. ಹುಳು ಇರುವುದು ದನದ ಮೂಗಿನ ರಕ್ತನಾಳಗಳಲ್ಲಿ. ತತ್ತಿಗಳು ಸಿಂಬಳದೊಡನೆ ಬರುತ್ತವೆ. ದನ ಕೆರೆಗೆ ಮುಖವಿಟ್ಟು ನೀರು ಕುಡಿಯುವಾಗ ತತ್ತಿ ನೀರಿಗೆ ಸೇರಿ, ಮರಿಯೊಡೆದು, ಚಪ್ಪಟೆ ಸುರುಳಿಯ ಬಸವನಹುಳುವನ್ನು ಹೊಕ್ಕುತ್ತದೆ. ಅಲ್ಲಿ ಬೆಳೆದು ಹೊರಬಂದು, ನೀರಿನಲ್ಲಿ ನಿಂತ ಮತ್ತೊಂದು ದನದ ಚರ್ಮವನ್ನು ತೂರುತ್ತದೆ. ಎಮ್ಮೆಯಲ್ಲೂ ಈ ಹುಳು ಇರುತ್ತದೆ, ಆದರೆ ಅದಕ್ಕೆ ತೊಂದರೆ ಕಡಿಮೆ. ಹೊರಗೆ ತೋರದೆ ಅದು ರೋಗವನ್ನು ಹಂಚುತ್ತಿರಬಹುದು. ಕೆರೆಯಲ್ಲಿ ಈಜಿದ ಮೇಲೆ ಮೈ ತುರಿಸುವುದಕ್ಕೂ ಹಲವು ಸಲ ಇಂಥ ಹುಳುಗಳೇ ಕಾರಣ. ದನದ ಮೈಯೆಂದು ತಪ್ಪು ತಿಳಿದು ಅವು ಮನುಷ್ಯನ ಚರ್ಮವನ್ನು ಹೊಕ್ಕು, ಅಲ್ಲೇ ಸಾಯುತ್ತವೆ.

ಕಪ್ಪೆಯ ಕತೆಯಲ್ಲಿ ಬಂದ ಬಸವನಹುಳು ಬೇರೆ ಜಾತಿಯದು. ಆದರೆ ಕೆರೆಯ ತರ್ಕ ಒಂದೇ. ಹೊಲದ ಗೊಬ್ಬರ, ಊರ ಗಟಾರದ ನೀರು ಕೆರೆಗೆ ಬಿದ್ದಷ್ಟೂ ಪಾಚಿ ಮತ್ತು ಜಲಕಳೆ. ಅವು ಹೆಚ್ಚಿದಷ್ಟೂ ಬಸವನಹುಳು. ಅದು ಹೆಚ್ಚಿದಷ್ಟೂ ಹುಳುವಿಗೆ ಮನೆ. ಬಸವನಹುಳುವನ್ನು ತಿನ್ನುವ ಮೀನು, ಬಾತು, ನೀರಹಕ್ಕಿಗಳು ಇಲ್ಲವಾದರೆ ಆ ಮನೆಗಳನ್ನು ಒಡೆಯುವವರೂ ಇಲ್ಲ.

ಈ ತರ್ಕ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಆಫ್ರಿಕದ ಸೆನೆಗಲ್ ದೇಶ ಸಾಕ್ಷಿ. ಸೆನೆಗಲ್ ನದಿಗೆ 1986ರಲ್ಲಿ ದಿಯಾಮ ಅಣೆಕಟ್ಟು ಕಟ್ಟಿದರು. ಸಮುದ್ರದ ಉಪ್ಪುನೀರು ಒಳನುಗ್ಗುವುದು ನಿಂತಿತು, ಕಬ್ಬಿಗೆ ನೀರು ಸಿಕ್ಕಿತು. ಎರಡೇ ವರ್ಷಗಳಲ್ಲಿ ರಿಶಾರ್‌ತೋಲ್ ಎಂಬ ಕಬ್ಬಿನ ಊರಿನಲ್ಲಿ, ಗೊರಕೆ ರೋಗದ ಹುಳುವಿನ ದಾಯಾದಿಯಾದ ಹುಳುವಿನಿಂದ ಬರುವ ಕರುಳಿನ ರೋಗ ಮನುಷ್ಯರಲ್ಲಿ ಕಾಣಿಸಿಕೊಂಡು ವೇಗವಾಗಿ ಹಬ್ಬಿತು. ಉಪ್ಪಿಲ್ಲದ, ಕಳೆ ತುಂಬಿದ ನಿಂತ ನೀರು ಬಸವನಹುಳುವಿಗೆ ಹಿತವಾಯಿತು. ಬಸವನಹುಳುವನ್ನು ತಿನ್ನುತ್ತಿದ್ದ ಸಿಹಿನೀರಿನ ಸೀಗಡಿಗೆ ಮರಿ ಮಾಡಲು ಅಳಿವೆಯ ಉಪ್ಪುನೀರು ಬೇಕು. ಅಣೆಕಟ್ಟು ಆ ದಾರಿಗೆ ಅಡ್ಡವಾಯಿತು. ಅನಂತರ ಒಂದು ಹಳ್ಳಿಯ ನೀರಿನಲ್ಲಿ ಸೀಗಡಿಗಳನ್ನು ಮತ್ತೆ ಬಿಟ್ಟು ನೋಡಿದ ಸಂಶೋಧಕರು, ಸೋಂಕಿತ ಬಸವನಹುಳುಗಳೂ ಜನರಲ್ಲಿಯ ಮರುಸೋಂಕೂ ಕಡಿಮೆಯಾದದ್ದನ್ನು 2015ರಲ್ಲಿ ವರದಿ ಮಾಡಿದರು. ಅಣೆಕಟ್ಟು ಬೇಡವೆಂದು ನಾನು ಹೇಳುವುದಿಲ್ಲ. ಬರಪೀಡಿತ ಸೀಮೆಯಲ್ಲಿ ಹಾಗೆ ಹೇಳುವುದು ಪಾಪವಾದೀತು. ನೀರಿನ ಲೆಕ್ಕ ಹಾಕುವಾಗ ನೀರಿನ ಒಕ್ಕಲಿನ ಲೆಕ್ಕವನ್ನೂ ಹಾಕಬೇಕೆಂಬುದಷ್ಟೇ ನನ್ನ ಬಿನ್ನಹ.

ಹಾಗಾದರೆ ಪರೋಪಜೀವಿಗಳನ್ನೆಲ್ಲ ನಾಶಮಾಡಿದರೆ ಕೆರೆ ಶುದ್ಧವಾಗುವುದೇ? ಅದೂ ಇಲ್ಲ. ಕೆಲವು ದೊಡ್ಡ ಜಾತಿಯ ಪಾಚಿಗಳನ್ನು ನೀರುಚಿಗಟ ತಿನ್ನಲಾರದು. ಅದರ ಬಾಯಿಗೆ ಅವು ಹಿಡಿಸುವುದಿಲ್ಲ. ಆ ಪಾಚಿಗಳಿಗೆ ಕೈಟ್ರಿಡ್ ಎಂಬ ಶಿಲೀಂಧ್ರ ತಗಲುತ್ತದೆ. ಅದು ಪಾಚಿಯ ಸತ್ವವನ್ನು ಹೀರಿ, ಈಜುವ ಸಣ್ಣ ಬೀಜಾಣುಗಳನ್ನು ನೀರಿಗೆ ಬಿಡುತ್ತದೆ. ಆ ಬೀಜಾಣುಗಳು ನೀರುಚಿಗಟಕ್ಕೆ ಒಳ್ಳೆಯ ಆಹಾರ. ತಿನ್ನಲಾಗದ್ದನ್ನು ತಿನ್ನುವಂತೆ ಮಾಡಿ, ಪಾಚಿಯ ಸತ್ವವನ್ನು ಮೀನಿನವರೆಗೆ ಮುಟ್ಟಿಸುವ ಕೆಲಸವನ್ನು ಇಲ್ಲಿ ಒಂದು ರೋಗಕಾರಕವೇ ಮಾಡುತ್ತಿದೆ. ಆದ್ದರಿಂದ ಸಿಕ್ಕಿದ ವಿಷವನ್ನೆಲ್ಲ ನೀರಿಗೆ ಸುರಿಯುವುದು ಜಾಣತನವಲ್ಲ. ನಾರುಹುಣ್ಣಿನಲ್ಲಿ ಮಾಡಿದಂತೆ ಯಾವ ಕೊಂಡಿಯನ್ನು ಬಿಡಿಸಿದರೆ ಸರಪಳಿ ಕಳಚುತ್ತದೆಂದು ಮೊದಲು ತಿಳಿಯಬೇಕು.

ನಾರುಹುಣ್ಣಿನ ಕತೆಯೂ ಪೂರ್ಣವಾಗಿ ಮುಗಿದಿಲ್ಲ. 1986ರಲ್ಲಿ ಲೋಕದಲ್ಲಿ ಸುಮಾರು 35 ಲಕ್ಷ ರೋಗಿಗಳಿದ್ದರು. ಈಚಿನ ವರ್ಷಗಳಲ್ಲಿ ವರ್ಷಕ್ಕೆ ಇಪ್ಪತ್ತಕ್ಕೂ ಕಡಿಮೆ. ಆದರೆ 2012ರಿಂದೀಚೆಗೆ ಆಫ್ರಿಕದ ಛಾಡ್ ದೇಶದಲ್ಲಿ ನಾಯಿಗಳ ಮೈಯಲ್ಲಿ ಅದೇ ಹುಳು ಹೇರಳವಾಗಿ ಕಾಣಿಸಿಕೊಂಡಿದೆ. ಮೀನಿನ ಹಸಿ ಕರುಳನ್ನು ತಿಂದು ನಾಯಿಗಳಿಗೆ ಅದು ತಗಲುತ್ತಿರಬಹುದೆಂದು ತಜ್ಞರು ಭಾವಿಸಿ, ಕರುಳನ್ನು ಹೂಳಿರಿ, ನಾಯಿಗಳನ್ನು ಕಟ್ಟಿರಿ ಎಂದು ಹಳ್ಳಿಹಳ್ಳಿಗೆ ಹೇಳುತ್ತಿದ್ದಾರೆ. ಮನುಷ್ಯನ ಬಾಗಿಲು ಮುಚ್ಚಿದಾಗ ಹುಳು ಬೇರೆ ಬಾಗಿಲು ಹುಡುಕಿಕೊಂಡಿದೆ. ಗೆದ್ದ ಮೇಲೂ ಕಾವಲು ಬಿಡುವಂತಿಲ್ಲ.

ಆ ಕಾವಲಿನ ಕೆಲಸಕ್ಕೆ ಶಾಲೆಗಿಂತ ತಕ್ಕ ಸಂಸ್ಥೆ ಬೇರೆ ಯಾವುದು? ಮಿನೆಸೋಟದ ಮಕ್ಕಳ ಕೈಯಲ್ಲಿ ದೊಡ್ಡ ಉಪಕರಣಗಳಿರಲಿಲ್ಲ. ಕಂಡದ್ದನ್ನು ಎಣಿಸುವ, ಬರೆದಿಡುವ, ತಿಳಿಸುವ ಶಿಸ್ತಿತ್ತು. ಈ ಶಾಲೆಗೆ ಶತಮಾನೋತ್ಸವದ ನೆನಪಿಗಾಗಿ ನಾನು ಒಂದು ಸಣ್ಣ ಸೂಚನೆಯನ್ನು ಮುಂದಿಡುತ್ತೇನೆ. ಎಂಟನೆಯ ಒಂಬತ್ತನೆಯ ತರಗತಿಯ ಮಕ್ಕಳು ಊರ ಕೆರೆಗೆ ಒಂದು ದಾಖಲೆ ಪುಸ್ತಕ ಇಡಲಿ. ತಿಂಗಳಿಗೊಮ್ಮೆ, ಶಿಕ್ಷಕರ ಜೊತೆಯಲ್ಲಿ, ದಂಡೆಯ ಮೇಲೆ ನಿಂತು, ನೀರಿಗೆ ಇಳಿಯದೆ, ಕೆಲವೇ ಸಂಗತಿಗಳನ್ನು ಬರೆಯಲಿ. ನೀರಿನ ಮಟ್ಟ, ಬಣ್ಣ, ವಾಸನೆ. ಅಳತೆ ಮಾಡಿದ ಒಂದು ಮಾರು ದಂಡೆಯಲ್ಲಿ ಕಂಡ ಬಸವನಹುಳುಗಳ ಸಂಖ್ಯೆ ಮತ್ತು ಆಕಾರ. ಕಪ್ಪೆ, ಮೀನು, ಹಕ್ಕಿಗಳ ಹೆಸರು. ಗಟಾರದ ನೀರು ಯಾವ ಕಡೆಯಿಂದ ಸೇರುತ್ತಿದೆ. ಊರಿನಲ್ಲಿ ಎಷ್ಟು ದನಗಳಿಗೆ ಗೊರಕೆ ರೋಗ ಬಂದಿದೆ. ಮೂಗು ಸೋರುವ ದನಗಳಿಗೆ ಕೆರೆಯ ಬದಲು ತೊಟ್ಟಿಯಲ್ಲಿ ನೀರು ಕುಡಿಸಿ, ಪಶುವೈದ್ಯರಿಗೆ ತೋರಿಸಿರೆಂದು ಹೇಳುವ ಕೆಲಸವನ್ನೂ ಆ ಮಕ್ಕಳೇ ಮನೆಯಲ್ಲಿ ಮಾಡಲಿ. ಹತ್ತು ವರ್ಷ ಹೀಗೆ ಬರೆದ ಪುಸ್ತಕ ಯಾವ ವಿಶ್ವವಿದ್ಯಾಲಯಕ್ಕೂ ಬೆಲೆಯುಳ್ಳ ವಸ್ತುವಾಗುತ್ತದೆ.

ಕನ್ನಡ ಶಾಲೆ ಇನ್ನು ಏಕೆ ಬೇಕು ಎಂಬ ಪ್ರಶ್ನೆಯನ್ನು ಪಾಲಕರು ಈಗ ಬಹಿರಂಗವಾಗಿಯೇ ಕೇಳುತ್ತಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಮಕ್ಕಳ ಭವಿಷ್ಯದ ಚಿಂತೆಯಿಂದ ಹುಟ್ಟಿದ್ದು. ಅಭಿಮಾನದ ಮಾತಿನಿಂದ ಅದಕ್ಕೆ ಉತ್ತರ ಕೊಡಲಾಗದು. ಮರಾಠಿಯನ್ನೂ ಇಂಗ್ಲಿಷನ್ನೂ ನಮ್ಮ ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಆದರೆ ಕೆರೆಯ ದಂಡೆಯ ಹುಲ್ಲಿಗೆ, ಹುಳುವಿಗೆ, ಹಕ್ಕಿಗೆ ಅಜ್ಜಿಯ ಬಾಯಲ್ಲಿರುವ ಹೆಸರು ಕನ್ನಡದ್ದು. ಆ ಹೆಸರು ಗೊತ್ತಿದ್ದ ಮಗುವಿಗೆ ಆ ಜೀವಿ ಕಾಣುತ್ತದೆ. ಕಂಡದ್ದು ಇಲ್ಲವಾದರೆ ಅದೂ ಗೊತ್ತಾಗುತ್ತದೆ. ತಾನು ಕಲಿತ ವಿಜ್ಞಾನವನ್ನು ಅದೇ ಸಂಜೆ ಅಡುಗೆಮನೆಯಲ್ಲಿ ತಾಯಿಗೆ, ಗೋದಲಿಯ ಬಳಿ ಅಜ್ಜನಿಗೆ ಹೇಳಬಲ್ಲ ಮಗು ಊರಿಗೆ ಬೇಕು. ನಾರುಹುಣ್ಣು ಹೋದದ್ದು ಹಾಗೆ ಹೇಳುವವರು ಇದ್ದುದರಿಂದ. ಮುಂದೆ ಬರುವ ರೋಗ ಯಾವುದೆಂದು ನಮಗೆ ತಿಳಿಯದು, ಆದರೆ ಹಾಗೆ ಹೇಳುವವರು ಆಗಲೂ ಬೇಕಾಗುತ್ತಾರೆ.

ಈ ಶಾಲೆ ಅಂಥ ಮಕ್ಕಳನ್ನು ಇನ್ನೊಂದು ನೂರು ವರ್ಷ ಬೆಳೆಸಲಿ. ಕೆರೆಯ ದಾಖಲೆ ಪುಸ್ತಕದ ಮೊದಲ ಪುಟವನ್ನು ಬರುವ ಮಳೆಗಾಲದಲ್ಲಿಯೇ ಬರೆಯುವಂತಾಗಲಿ ಎಂದು ಹಾರೈಸುತ್ತೇನೆ.